ಗುಡ್ಡ ಕಡಿಯುವ ಮೊದಲು ಸವಾರನಿಗೆ ಕಲಿಸಿ

ಘಟ್ಟದ ತಿರುವಿನಲ್ಲಿ ಬೈಕೊಂದು ಉರುಳಿ ಜೀವ ಹೋದಾಗಲೆಲ್ಲ ಕೇಳಿಬರುವ ಬೇಡಿಕೆ ಒಂದೇ: ರಸ್ತೆ ಅಗಲ ಮಾಡಿ, ತಿರುವು ನೇರ ಮಾಡಿ, ಅಡ್ಡವಿರುವ ಮರ ಕಡಿಯಿರಿ. ಆ ಸವಾರನಿಗೆ ಚಾಲನಾ ಪರವಾನಗಿ ಕೊಡುವಾಗ ಏನನ್ನು ಪರೀಕ್ಷಿಸಲಾಗಿತ್ತು ಎಂದು ಕೇಳುವವರು ವಿರಳ. ಗುಡ್ಡಗಾಡಿನ ಜನರಾದ ನಾವು ಈ ಪ್ರಶ್ನೆಯನ್ನು ಎತ್ತಲೇಬೇಕಾಗಿದೆ.

ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ 44ಕ್ಕೂ ಹೆಚ್ಚು ಜನ ದ್ವಿಚಕ್ರ ವಾಹನಗಳಲ್ಲಿದ್ದವರು. ಬಸ್ಸು ಕಾಣದ ಹಳ್ಳಿಗಳಿರುವ ನಮ್ಮ ಸೀಮೆಯಲ್ಲಿ ಬೈಕು ಶೋಕಿಯ ವಸ್ತುವಲ್ಲ. ಆಸ್ಪತ್ರೆಗೆ, ಸೊಸೈಟಿಗೆ, ಕಾಲೇಜಿಗೆ ಅದೇ ಗತಿ.

ಪರೀಕ್ಷೆ ಹೇಗಿರಬೇಕೆಂಬುದನ್ನು 1989ರ ಕೇಂದ್ರ ಮೋಟಾರು ವಾಹನ ನಿಯಮಾವಳಿಯ 15ನೆಯ ನಿಯಮ ವಿವರಿಸುತ್ತದೆ. ಇಳಿಜಾರಿನಲ್ಲಿ ಬೇಗನೆ ಕೆಳ ಗೇರಿಗೆ ಬರುವುದು, ಕಡಿದಾದ ಏರಿನಲ್ಲಿ ನಿಲ್ಲಿಸಿ ವಾಹನ ಹಿಂದಕ್ಕೆ ಜಾರದಂತೆ ಮತ್ತೆ ಹೊರಡುವುದು, ಇವೆರಡೂ ಅದರಲ್ಲಿವೆ. ಆದರೆ ವಾಡಿಕೆಯಲ್ಲಿ ನಡೆಯುವುದು ಬೇರೆ. ಸಮತಟ್ಟಾದ ಮೈದಾನದಲ್ಲಿ ಕಾಲೂರದೆ ಎಂಟರ ಆಕಾರದಲ್ಲಿ ಸುತ್ತಿ ಬಂದವನು ಬೈಕು ಬಲ್ಲವನೆನಿಸಿಕೊಳ್ಳುತ್ತಾನೆ. ಅದೇ ಪರವಾನಗಿ ಹಿಡಿದು ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಮಂಜು, ಮಳೆಯಲ್ಲಿ ಇಳಿಯುತ್ತಾನೆ. ಉದ್ದಕ್ಕೂ ಬ್ರೇಕನ್ನೇ ಒತ್ತಿ ಹಿಡಿದರೆ ಅದು ಕಾದು ಹಿಡಿತ ಕಳೆದುಕೊಳ್ಳುತ್ತದೆ, ಗೇರು ಇಳಿಸಿ ಎಂಜಿನ್ನಿನಿಂದಲೇ ವೇಗ ತಗ್ಗಿಸಬೇಕು, ಹಾವಸೆ ಕಟ್ಟಿದ ತಿರುವಿನಲ್ಲಿ ಮುಂದಿನ ಬ್ರೇಕು ಹಠಾತ್ತನೆ ಹಿಡಿಯಬಾರದು, ಇಕ್ಕಟ್ಟಾದ ಕಡೆ ಏರುವ ವಾಹನಕ್ಕೆ ದಾರಿ ಬಿಡಬೇಕು ಎಂಬುದನ್ನು ಅವನಿಗೆ ಹೇಳಿದವರಾರು?

2021ರ ಜುಲೈ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ, ಮಾನ್ಯತೆ ಪಡೆದ ಚಾಲನಾ ತರಬೇತಿ ಕೇಂದ್ರದಲ್ಲಿ ಕಲಿತು ಪ್ರಮಾಣಪತ್ರ ಪಡೆದವರಿಗೆ ಸಾರಿಗೆ ಕಚೇರಿಯ ಚಾಲನಾ ಪರೀಕ್ಷೆಯಿಂದ ವಿನಾಯಿತಿ ಇದೆ. ಲಘು ವಾಹನಕ್ಕೆ ನಾಲ್ಕು ವಾರಗಳಲ್ಲಿ 29 ಗಂಟೆಗಳ ಪಾಠವನ್ನು ಗೊತ್ತುಪಡಿಸಲಾಗಿದೆ. ಕ್ರಮಬದ್ಧ ತರಬೇತಿ ಸ್ವಾಗತಾರ್ಹವೇ. ಆದರೆ ಪ್ರಮಾಣಪತ್ರವೇ ಪರೀಕ್ಷೆಯ ಸ್ಥಾನವನ್ನು ಆಕ್ರಮಿಸುವುದಾದರೆ ಅದರಲ್ಲಿ ಏರು ಇಳಿವಿನ ಪಾಠ ಕಡ್ಡಾಯವಾಗಬೇಕು. ನಗರದ ಕೇಂದ್ರದಲ್ಲಿ ದುಡ್ಡು ತೆತ್ತು ಕಲಿಯಬಲ್ಲವರಿಗಷ್ಟೇ ಈ ವಿದ್ಯೆ ದಕ್ಕುವಂತಾಗಬಾರದು.

ಇನ್ನು ವಿದ್ಯಾರ್ಥಿಗಳ ಪಾಡು. ಹದಿನಾರು ದಾಟಿದವರು 50 ಸಿಸಿ ಮೀರದ, ಗೇರಿಲ್ಲದ ವಾಹನವನ್ನಷ್ಟೇ ಓಡಿಸಬಹುದು. ಗೇರಿನ ಬೈಕಿಗೆ ಹದಿನೆಂಟು ತುಂಬಬೇಕು. ತಪ್ಪಿದರೆ 2019ರ ತಿದ್ದುಪಡಿಯಂತೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ ಮತ್ತು ಮೂರು ವರ್ಷದವರೆಗೆ ಸೆರೆವಾಸವಿದೆ. ಮಕ್ಕಳ ಪ್ರಾಣ ಕಾಯುವ ಈ ಕಾನೂನು ಸರಿಯಾದದ್ದೇ. ಆದರೆ ಕಾಲೇಜಿನ ವೇಳೆಗೆ ಬಸ್ಸು ಓಡಿಸದೆ ದಂಡವನ್ನಷ್ಟೇ ವಿಧಿಸುವ ಸರ್ಕಾರ ತನ್ನ ಅರ್ಧ ಕರ್ತವ್ಯವನ್ನು ಮಾತ್ರ ನಿರ್ವಹಿಸಿದಂತೆ.

ರಸ್ತೆ ಅಗಲೀಕರಣವೇ ಸರ್ವರೋಗಕ್ಕೂ ಮದ್ದೆಂದು ನಂಬಿದವರು ಅಂಕೋಲಾ ಬಳಿಯ ಶಿರೂರನ್ನು ನೆನೆಯಲಿ. ಹೆದ್ದಾರಿಗಾಗಿ ಬುಡ ಕತ್ತರಿಸಿದ ಗುಡ್ಡ 2024ರ ಜುಲೈ 16ರಂದು ಕುಸಿದು ಜೀವಗಳನ್ನು ನುಂಗಿತು. ಚಾರ್ಮಾಡಿಯಲ್ಲಿ 2019ರ ಮಳೆಗಾಲದಲ್ಲಿ ಮಣ್ಣು ಜರಿದು ಸಂಚಾರವೇ ನಿಂತಿತ್ತು. ಅಗಲವಾದ ರಸ್ತೆ ವೇಗವನ್ನು ಹೆಚ್ಚಿಸುತ್ತದೆಯೇ ಹೊರತು ವಿವೇಕವನ್ನಲ್ಲ. ಕಡಿದ ಇಳಿಜಾರು ಮತ್ತೆ ಕೂಡಿಕೊಳ್ಳುವುದಿಲ್ಲ. ಕಲಿತ ಸವಾರನಾದರೋ ಬದುಕಿರುವಷ್ಟು ಕಾಲವೂ ಕಲಿತವನೇ.

ಆದ್ದರಿಂದ ನಮ್ಮ ಒತ್ತಾಯ ಮೂರು. ಮಲೆನಾಡಿನ ತಾಲ್ಲೂಕುಗಳಲ್ಲಿ 15ನೆಯ ನಿಯಮದಂತೆ ಏರು ಇಳಿವಿನ ಪರೀಕ್ಷೆಯನ್ನು ಬೈಕು ಸವಾರರಿಗೂ ನಡೆಸಬೇಕು. ಮಳೆಗಾಲಕ್ಕೆ ಮುನ್ನ ಸಾರಿಗೆ ಇಲಾಖೆ ಕಾಲೇಜು, ಪಂಚಾಯಿತಿಗಳಲ್ಲಿ ಉಚಿತ ತರಬೇತಿ ಶಿಬಿರ ಏರ್ಪಡಿಸಬೇಕು. ತರಗತಿಯ ವೇಳೆಗೆ ಹೊಂದುವ ಬಸ್ಸುಗಳನ್ನು ಒಳಹಳ್ಳಿಗಳಿಗೆ ಓಡಿಸಬೇಕು. ಇವುಗಳಿಗೆ ಒಂದು ಮರವನ್ನೂ ಕಡಿಯಬೇಕಾಗಿಲ್ಲ. ಮುಂದಿನ ಗ್ರಾಮಸಭೆಯಲ್ಲಿ ಈ ಮೂರನ್ನೂ ಠರಾವಾಗಿ ಮಂಡಿಸಿ, ಪ್ರತಿಯನ್ನು ಪ್ರಾದೇಶಿಕ ಸಾರಿಗೆ ಅಧಿಕಾರಿಗೆ ತಲುಪಿಸಬೇಕೆಂದು ಓದುಗರಲ್ಲಿ ವಿನಂತಿ.