ಕೋಡಿ ಬಿದ್ದ ದಿನ ಬ್ಯಾಟರಿ ಸತ್ತಿತ್ತು

ಮಾರಿಕಣಿವೆ ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. ಮೊದಲ ಸಲ ತುಂಬಿ ಕೋಡಿ ಬಿದ್ದದ್ದು 1933ರಲ್ಲಿ, ಎರಡನೇ ಸಲ 2022ರ ಸೆಪ್ಟೆಂಬರಿನಲ್ಲಿ. ನಡುವೆ 89 ವರ್ಷ. ಸರ್ಕಾರದ ಕಾಗದದಲ್ಲಿ ಅದು ವಾಣಿವಿಲಾಸ ಸಾಗರ. ಹಿರಿಯೂರಿನವರ ಬಾಯಲ್ಲಿ ಈಗಲೂ ಮಾರಿಕಣಿವೆಯೇ. ಕೋಡಿಯ ನೀರು ನೋಡಲು ಆ ದಿನಗಳಲ್ಲಿ ಜಿಲ್ಲೆಗೆ ಜಿಲ್ಲೆಯೇ ಹೊರಟಿತ್ತು. ನಾನು ಚಿತ್ರದುರ್ಗದಿಂದ ಹೋದೆ, ಹಿರಿಯೂರಿನಿಂದ ನನ್ನ ಗೆಳೆಯ ಬಂದ.

ಗೆಳೆಯ ಮದುವೆ ಫೋಟೋ ತೆಗೆಯುತ್ತಿದ್ದವನು. 2020ರಲ್ಲೂ 2021ರಲ್ಲೂ ಲಾಕ್‌ಡೌನಿನಿಂದ ಎರಡು ಮದುವೆ ಸೀಸನ್ನು ಕೈಬಿಟ್ಟಾಗ ಕ್ಯಾಮೆರಾ, ದೊಡ್ಡ ಜೂಮ್ ಲೆನ್ಸು, ಫ್ಲ್ಯಾಶು ಎಲ್ಲವನ್ನೂ ಮಾರಿ ಮನೆಯಲ್ಲೇ ರೊಟ್ಟಿ, ಚಟ್ನಿಪುಡಿಯ ವ್ಯಾಪಾರ ಶುರುಮಾಡಿದ್ದ. ನನ್ನದು ಹಾಗಲ್ಲ. ನನ್ನ ನಿಕಾನ್ ಡಿ90 ಬೀರುವಿನಲ್ಲಿ ಭದ್ರವಾಗಿತ್ತು. ಇಂಥ ದಿನಕ್ಕೆಂದೇ ಇಟ್ಟುಕೊಂಡದ್ದಲ್ಲವೇ ಎಂದು ಹೆಮ್ಮೆಯಿಂದ ಬ್ಯಾಗಿನಿಂದ ತೆಗೆದು ಸ್ವಿಚ್ ತಿರುಗಿಸಿದೆ. ಮೇಲಿನ ಪುಟ್ಟ ಪರದೆಯಲ್ಲಿ ಬ್ಯಾಟರಿಯ ಗುರುತು ಎರಡು ಸಲ ಮಿಣುಕಿ ಆರಿಹೋಯಿತು. ಹಿಂದಿನ ರಾತ್ರಿ ಚಾರ್ಜಿಗೆ ಹಾಕಿದ್ದೆ, ನಿಜ. ಆದರೆ ವರ್ಷಗಟ್ಟಲೆ ಸುಮ್ಮನೆ ಬಿದ್ದ ಬ್ಯಾಟರಿ ಚಾರ್ಜರಿಗೆ ‘ತುಂಬಿದೆ’ ಎಂದು ಸುಳ್ಳು ಹೇಳುತ್ತದೆ ಎನ್ನುವುದು ನನಗೆ ಗೊತ್ತಿರಲಿಲ್ಲ.

‘ಮಾರಿದ ನಾನೂ ಮೊಬೈಲಲ್ಲೇ, ಇಟ್ಕೊಂಡ ನೀನೂ ಮೊಬೈಲಲ್ಲೇ’ ಎಂದು ಗೆಳೆಯ ನಕ್ಕ. ಇಬ್ಬರೂ ಫೋನು ಎತ್ತಿ ಹಿಡಿದೆವು.

ನಗು ಅವತ್ತು ಸಂಜೆಯವರೆಗೆ ಮಾತ್ರ ಉಳಿಯಿತು. ರಾತ್ರಿ ಗೆಳೆಯನ ಫೋನು ಬಂತು. ನೀರಿನ ಆಚೆ ದಡದಲ್ಲಿ ಒಬ್ಬ ಮುದುಕಿ ಕೈಮುಗಿದು ನಿಂತಿದ್ದಳಂತೆ, ಸೆರಗು ಹಾರುತ್ತಿತ್ತಂತೆ. ‘ಆ ಲೆನ್ಸ್ ಒಂದಿದ್ದಿದ್ರೆ ಮುಖ ಸಿಗ್ತಿತ್ತು ಕಣೋ. ಮೊಬೈಲಲ್ಲಿ ನೋಡಿದ್ರೆ ಅಲ್ಲಿ ಒಂದು ಬಿಳಿ ಚುಕ್ಕೆ ಐತೆ, ಅಷ್ಟೆ.’

ನಾಲ್ಕಾರು ವರ್ಷದಿಂದ ನನ್ನನ್ನು ಕಾಡುತ್ತಿರುವ ಪ್ರಶ್ನೆ ಆ ಒಂದು ದಿನದಲ್ಲೇ ಇದೆ. ಬಳಸದ ಕ್ಯಾಮೆರಾವನ್ನು ಮಾರಬೇಕೇ, ಇಟ್ಟುಕೊಳ್ಳಬೇಕೇ? ಮಾರಿದವನಿಗೆ ಸಂಕಟ, ಇಟ್ಟುಕೊಂಡವನಿಗೆ ಮುಜುಗರ.

ಮೊದಲು ಹಣದ ಮಾತು ಮುಗಿಸಿಬಿಡೋಣ. ಡಿ90 ಬಂದದ್ದು 2008ರಲ್ಲಿ. ವಿಡಿಯೋ ತೆಗೆಯಬಲ್ಲ ಮೊದಲ ಡಿಎಸ್‌ಎಲ್‌ಆರ್ ಅದು. ಮರುವರ್ಷ 18-105 ಲೆನ್ಸಿನೊಂದಿಗೆ ಅರವತ್ತು ಸಾವಿರ ಚಿಲ್ಲರೆ ಕೊಟ್ಟು ತಂದೆ. ಆ ಕಾಲಕ್ಕೆ ನನ್ನ ಎರಡು ತಿಂಗಳ ಸಂಬಳಕ್ಕಿಂತ ಹೆಚ್ಚು. 2018ರಲ್ಲಿ ನಿಕಾನೂ ಕ್ಯಾನನ್ನೂ ಒಂದೇ ವರ್ಷ ಕನ್ನಡಿಯಿಲ್ಲದ ದೊಡ್ಡ ಕ್ಯಾಮೆರಾಗಳ ಹೊಸ ಸಾಲನ್ನು ಹೊರತಂದವು, ಲೆನ್ಸು ಕೂರುವ ಬಾಯಿಯೂ ಬದಲಾಯಿತು. ಅಲ್ಲಿಂದ ಹಳೆಯ ಬಾಡಿಗಳ ಬೆಲೆ ಇಳಿಯುತ್ತಲೇ ಇದೆ. ಡಿಜಿಟಲ್ ಬಾಡಿ ಅಡಿಕೆಯಂತಲ್ಲ. ಹೊಳಲ್ಕೆರೆ ಕಡೆಯ ಬೆಳೆಗಾರರು ಅಡಿಕೆಯನ್ನು ಚೀಲ ತುಂಬಿ ಒಟ್ಟಿ, ರೇಟು ಬರಲಿ ಎಂದು ಕಾಯುತ್ತಾರೆ. ಎಷ್ಟೋ ಸಲ ಬರುತ್ತದೆ ಕೂಡ. ಕ್ಯಾಮೆರಾಕ್ಕೆ ಹಾಗೆ ಕಾದರೆ ಬರುವುದು ಬೂಸಲು.

ಆದರೆ ಇದನ್ನೇ ಕೊನೆಯ ಮಾತು ಮಾಡಿದರೆ ಹೊಸದುರ್ಗದ ಒಬ್ಬ ಸ್ಟುಡಿಯೋದವರಿಗೆ ಅನ್ಯಾಯವಾಗುತ್ತದೆ. ಡಿಜಿಟಲ್ ಬಂದ ಹೊಸದರಲ್ಲಿ ಅವರು ಎರಡು ರೀಲು ಕ್ಯಾಮೆರಾ, ಡಾರ್ಕ್ ರೂಮಿನ ಎನ್‌ಲಾರ್ಜರು, ಟ್ರೇ ಎಲ್ಲವನ್ನೂ ಗುಜರಿಯವನಿಗೆ ತೂಕಕ್ಕೆ ಹಾಕಿದರು. ‘ತಕ್ಕಡೀಲಿ ಹಳೇ ಕುಕ್ಕರ್ ಜೊತೆ ಇಟ್ಟ ಸಾರ್’ ಎಂದು ಈಗಲೂ ಹೇಳುತ್ತಾರೆ. ಈಗ ಬೆಂಗಳೂರಿನ ಹುಡುಗರು ಅಂಥವೇ ಕ್ಯಾಮೆರಾಗಳನ್ನು ಹುಡುಕಿ ಹುಡುಕಿ ಸಾವಿರಗಟ್ಟಲೆ ಕೊಟ್ಟು ಕೊಳ್ಳುತ್ತಿದ್ದಾರೆ. ಸ್ಟುಡಿಯೋದವರ ಪಶ್ಚಾತ್ತಾಪ ನಿಜವಾದದ್ದೇ. ಆದರೂ ಸ್ವಲ್ಪ ಕೆದಕಿ ಕೇಳಿದೆ: ಇದ್ದಿದ್ದರೆ ಅದರಲ್ಲಿ ಫೋಟೋ ತೆಗೆಯುತ್ತಿದ್ದಿರಾ? ರೀಲು ತರಿಸಬೇಕು, ತೊಳೆಯಲು ಬೆಂಗಳೂರಿಗೆ ಕೊರಿಯರ್ ಮಾಡಬೇಕು, ವಾರ ಕಾಯಬೇಕು. ಯೋಚಿಸಿ ಹೇಳಿದರು: ‘ಇಲ್ಲ. ಷೋಕೇಸಲ್ಲಿ ಇಡ್ತಿದ್ದೆ.’ ಅವರಿಗೆ ಹೋಗಿದ್ದು ಮರ್ಯಾದೆ. ಬೆಲೆಯಿದ್ದ ವಸ್ತುವನ್ನು ಕುಕ್ಕರಿನ ಪಕ್ಕ ತೂಗಿಸಿದ ಅವಮಾನ. ಫೋಟೋ ಹೋಗಲಿಲ್ಲ.

ಇಟ್ಟುಕೊಳ್ಳುವವರ ಪಕ್ಷದಲ್ಲಿ ಅದಕ್ಕಿಂತ ಗಟ್ಟಿಯಾದ ವಾದವಿದೆ. ಸಾಣೇಹಳ್ಳಿಯ ನಾಟಕೋತ್ಸವಕ್ಕೆ ಹೋದವರಿಗೆ ಅದು ಗೊತ್ತು. ಹೊಸದುರ್ಗ ತಾಲ್ಲೂಕಿನ ಆ ಹಳ್ಳಿಯಲ್ಲಿ ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮೀಜಿ 1997ರಲ್ಲಿ ಶಿವಸಂಚಾರ ನಾಟಕ ತಿರುಗಾಟ ಶುರುಮಾಡಿದರು. ಬಯಲು ರಂಗಮಂದಿರದಲ್ಲಿ ನವೆಂಬರಿನ ಚಳಿಯಲ್ಲಿ ಕೂತು ನಾಟಕ ನೋಡುವುದು ನಮ್ಮ ಕಡೆಯ ಒಂದು ಹಬ್ಬ. ಅಲ್ಲಿ ಫೋನು ಸೋಲುತ್ತದೆ. ಕತ್ತಲನ್ನು ಬೆಳಕು ಮಾಡುವ ಹುಮ್ಮಸ್ಸಿನಲ್ಲಿ ನಾಲ್ಕಾರು ಚಿತ್ರಗಳನ್ನು ಒಂದರ ಮೇಲೊಂದು ಕೂಡಿಸುತ್ತದೆ, ನಟನ ಬೀಸಿದ ಕೈ ಹೊಗೆಯಾಗುತ್ತದೆ, ಬೆಳಕಿನವನು ಬೇಕೆಂದೇ ಬಿಟ್ಟ ಕತ್ತಲು ಬೂದಿಯಾಗುತ್ತದೆ. ಅದೇ ಡಿ90ಕ್ಕೆ 50 ಎಂಎಂ ಲೆನ್ಸು ಹಾಕಿ, ಕಿಂಡಿಯನ್ನು 1.8ಕ್ಕೆ ಪೂರ್ತಿ ತೆರೆದರೆ ಹಣೆಯ ಬೆವರು ಮಾತ್ರ ಮಿಂಚಿ ಉಳಿದದ್ದೆಲ್ಲ ಕಪ್ಪಾಗಿರುತ್ತದೆ. ಅಂಥ ಒಂದು ಫೋಟೋ ನನ್ನ ಬಳಿ ಇದೆ. ಒಂದೇ ಒಂದು, 2013ರದ್ದು. ಆಮೇಲೆ ಎಷ್ಟು ಸಲ ಸಾಣೇಹಳ್ಳಿಗೆ ಕ್ಯಾಮೆರಾ ಒಯ್ದಿದ್ದೇನೆ ಎಂದರೆ, ಒಂದು ಸಲವೂ ಇಲ್ಲ. ಭಾರ, ಧೂಳು, ಪಕ್ಕದವರಿಗೆ ಶಟರಿನ ಸದ್ದಿನ ತೊಂದರೆ, ಎಲ್ಲಕ್ಕೂ ಒಂದೊಂದು ನೆಪ.

ಜೋಗಿಮಟ್ಟಿ ಕಾಡಿನ ಹಕ್ಕಿಗಳ ಕಥೆಯೂ ಅಷ್ಟೆ. ನಮ್ಮ ತಲೆಮಾರಿನ ಅರ್ಧ ಜನ ತೇಜಸ್ವಿಯವರನ್ನು ಓದಿಯೇ ಟೆಲಿ ಲೆನ್ಸು ಕೊಂಡವರು. ಅವರು ಮೂಡಿಗೆರೆಯ ತೋಟದಲ್ಲಿ ಹಕ್ಕಿಗಾಗಿ ಕಾದು ಕೂರುತ್ತಿದ್ದದ್ದನ್ನು ಓದಿದೆವು, ಲೆನ್ಸನ್ನು ಕೊಂಡೆವು, ಕಾಯುವುದನ್ನು ಮಾತ್ರ ಅಂಗಡಿಯಲ್ಲಿ ಮಾರುವುದಿಲ್ಲ. ನನ್ನ 70-300 ಲೆನ್ಸು ಕಂಡದ್ದು ಹದಿನೈದಿಪ್ಪತ್ತು ಹಕ್ಕಿ. ಅದರಲ್ಲೂ ಅರ್ಧ ನಮ್ಮ ಮನೆಯ ತಂತಿಯ ಮೇಲೆ ಕೂತ ಕಾಜಾಣ. ಬೀರುವಿನಲ್ಲಿರುವುದು ಬರೀ ಕ್ಯಾಮೆರಾ ಅಲ್ಲ, ಮುಂದೊಂದು ದಿನ ನಾನು ಆಗಲಿದ್ದ ಇನ್ನೊಬ್ಬ ಮನುಷ್ಯ. ಅವನನ್ನು ಮಾರುವುದು ಕಷ್ಟ. ಅವನಿಗೆ ಪ್ರತಿ ವರ್ಷ ಅನ್ನ ಹಾಕುವುದೂ ಕಷ್ಟವೇ.

ಅನ್ನ ಎಂದರೆ ಆರೈಕೆ. ಮಲೆನಾಡಿಗೆ ಹೋಲಿಸಿದರೆ ನಮ್ಮ ಒಣಹವೆ ಲೆನ್ಸುಗಳಿಗೆ ಒಳ್ಳೆಯದು, ಆದರೆ ಅದನ್ನೇ ನಂಬಿ ಮೈಮರೆತರೆ ಮಳೆಗಾಲದ ಎರಡು ತಿಂಗಳು ಸಾಕು. ಚರ್ಮದ ಕೇಸಿನಲ್ಲಿ, ಹತ್ತಿಬಟ್ಟೆ ಸುತ್ತಿ, ಕತ್ತಲ ಬೀರುವಿನಲ್ಲಿ ಇಟ್ಟ ಲೆನ್ಸಿನ ಗಾಜಿನೊಳಗೆ ಜೇಡರ ಬಲೆಯಂತೆ ಫಂಗಸ್ ಹಬ್ಬುತ್ತದೆ. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್ಲು, ಆಗಾಗ ಬಿಸಿಲ ಬೆಳಕು ಬೇಕು. ಫ್ಲ್ಯಾಶನ್ನು ತಿಂಗಳಿಗೊಮ್ಮೆಯಾದರೂ ನಾಲ್ಕು ಸಲ ಮಿಂಚಿಸಬೇಕು, ಇಲ್ಲವಾದರೆ ಒಳಗಿನ ಕೆಪಾಸಿಟರು ಸೋಮಾರಿಯಾಗುತ್ತದೆ. ಹಿಡಿಕೆಯ ರಬ್ಬರು ಏನು ಮಾಡಿದರೂ ಏಳುತ್ತದೆ. ಬಳಸದ ವಸ್ತು ಹಾಗೇ ಉಳಿಯುತ್ತದೆ ಎನ್ನುವುದು ನಮ್ಮ ಭ್ರಮೆ; ಅದು ಬಳಸಿದ್ದಕ್ಕಿಂತ ಬೇಗ ಸವೆಯುವುದೂ ಉಂಟು.

ಯಾವುದಾದರೂ ಕಾಲೇಜಿಗೆ ದಾನ ಕೊಡಬಾರದೇ ಎಂದು ಕೇಳುವವರಿದ್ದಾರೆ. ಕೊಡಬಹುದು. ನಮ್ಮ ಬೀರುವಿನಿಂದ ಅವರ ಬೀರುವಿಗೆ ಹೋಗುತ್ತದೆ. ಬೀಗದ ಕೈ ಮಾತ್ರ ಬೇರೆಯವರ ಹತ್ತಿರ.

ಬೀರುವಿನಲ್ಲಿ ಇನ್ನೊಂದು ಕ್ಯಾಮೆರಾ ಇದೆ, ಅದರ ಲೆಕ್ಕವೇ ಬೇರೆ. ಹೊಳಲ್ಕೆರೆಯಲ್ಲಿ ಸ್ಟುಡಿಯೋ ಇಟ್ಟಿದ್ದ ಚಿಕ್ಕಪ್ಪನ ಯಾಶಿಕಾ ಮ್ಯಾಟ್, ಎರಡು ಕಣ್ಣಿನ 120 ಕ್ಯಾಮೆರಾ. ಹೊಟ್ಟೆಯ ಹತ್ತಿರ ಹಿಡಿದು, ತಲೆ ಬಗ್ಗಿಸಿ ಮೇಲಿನಿಂದ ನೋಡಬೇಕು. ಗಾಜಿನಲ್ಲಿ ಎಡ ಬಲವಾಗಿ, ಬಲ ಎಡವಾಗಿ ಕಾಣುತ್ತದೆ. ಒಂದು ರೋಲಿಗೆ ಹನ್ನೆರಡೇ ಚೌಕಟ್ಟು. ‘ನಾಗರಹಾವು’ ಸಿನಿಮಾ 1972ರಲ್ಲಿ ಬಂದ ಮೇಲೆ ದುರ್ಗದ ಕೋಟೆಗೆ ಜನ ಹರಿದು ಬರುತ್ತಿದ್ದ ಕಾಲದಲ್ಲಿ ಚಿಕ್ಕಪ್ಪ ಭಾನುವಾರಗಳಂದು ಊಟಿಯಲ್ಲಿ ತಯಾರಾದ ‘ಇಂದು’ ರೋಲು ಹಾಕಿಕೊಂಡು ದುರ್ಗಕ್ಕೆ ಬಂದು ರಾಮಾಚಾರಿಯ ಭಂಗಿಯಲ್ಲಿ ನಿಂತ ಹುಡುಗರ ಫೋಟೋ ತೆಗೆಯುತ್ತಿದ್ದರಂತೆ. ಈಗ ಶಟರು ಆಗಾಗ ಸಿಕ್ಕಿಕೊಳ್ಳುತ್ತದೆ. ನಾನು ಅದರಲ್ಲಿ ಒಂದು ರೋಲನ್ನೂ ಓಡಿಸಿಲ್ಲ, ಓಡಿಸುವವನೂ ಅಲ್ಲ. ಆದರೂ ಇದನ್ನು ಮಾರುವ ಪ್ರಶ್ನೆಯಿಲ್ಲ. ಇದು ತರ್ಕವಲ್ಲ ಎಂದು ಗೊತ್ತು. ಡಿ90 ನನ್ನ ದುಡ್ಡಿನದು, ಅದರ ಮೇಲೆ ನನಗೆ ಅಧಿಕಾರವಿದೆ. ಯಾಶಿಕಾ ನನ್ನ ಬಳಿ ಇದೆ, ಅಷ್ಟೆ. ಚಿಕ್ಕಮ್ಮ ಮನೆಗೆ ಬಂದಾಗಲೆಲ್ಲ ಒಮ್ಮೆ ಕೇಸಿನ ಮೇಲೆ ಕೈಯಾಡಿಸಿ ಹೋಗುತ್ತಾರೆ.

2025ರ ಜನವರಿಯಲ್ಲಿ ಮಾರಿಕಣಿವೆ ಮೂರನೇ ಸಲ ಕೋಡಿ ಬಿತ್ತು. ಗೆಳೆಯನಿಗೆ ಫೋನು ಮಾಡಿದೆ. ಮಗಳನ್ನು ಕರೆದುಕೊಂಡು ಹೋಗಿ ಬಂದಿದ್ದ. ನೀರಿನ ಸದ್ದಿನ ವಿಡಿಯೋ ಕಳಿಸಿದ, ಮಗಳ ಚಪ್ಪಲಿ ಕೊಚ್ಚಿಹೋದದ್ದನ್ನು ನಗುತ್ತಾ ಹೇಳಿದ. ಮುದುಕಿಯ ಮಾತಾಗಲಿ ಲೆನ್ಸಿನ ಮಾತಾಗಲಿ ಬರಲೇ ಇಲ್ಲ. ಮಾರಿದವನ ನೋವಿಗೂ ಒಂದು ಅವಧಿ ಇರುತ್ತದೆ ಎಂದು ನನಗೆ ಅನ್ನಿಸಿದ್ದು ಆಗ. ಇಟ್ಟುಕೊಂಡವನ ಕಸಿವಿಸಿಗೆ ಅವಧಿಯಿಲ್ಲ. ಬೀರು ತೆಗೆದಾಗಲೆಲ್ಲ ಅದು ಅಲ್ಲೇ ಇರುತ್ತದೆ. ಹಾಗಂತ ಗೆಳೆಯನ ಲೆಕ್ಕ ಎಲ್ಲರಿಗೂ ಹೊಂದುವುದಿಲ್ಲ. ಅವನಿಗೆ ಮಾರಿದ ದುಡ್ಡು ವ್ಯಾಪಾರದ ಬಂಡವಾಳವಾಯಿತು. ನಾನು ಮಾರಿದರೆ ಬರುವುದು ಹತ್ತು ಹನ್ನೆರಡು ಸಾವಿರ, ಅದು ಯಾವ ಕಡೆ ಹೋಯಿತು ಎಂದು ಮುಂದಿನ ತಿಂಗಳು ನೆನಪಿರುವುದಿಲ್ಲ. ಅಷ್ಟು ದುಡ್ಡಿಗೋಸ್ಕರ ಮಾರುವುದಾದರೆ ಮಾರದಿರುವುದೇ ವಾಸಿ. ನನ್ನ ಮನಸ್ಸು ಆಚೀಚೆ ಮಾಡಿದ್ದು ದುಡ್ಡಿನಿಂದಲ್ಲ, ಕೊಳ್ಳಲು ಬಂದವನಿಂದ.

ಹೊಳಲ್ಕೆರೆಯಿಂದ ಬಸ್ಸಿನಲ್ಲಿ ಬಂದ ಹುಡುಗ. ಡಿಗ್ರಿ ಓದುತ್ತಾ ಮದುವೆಗಳಲ್ಲಿ ಲೈಟು ಹಿಡಿಯುತ್ತಾನೆ. ‘ಇನ್ನೊಬ್ರ ಕ್ಯಾಮೆರಾ ಮುಟ್ಟಿದ್ರೆ ಬೈತಾರೆ ಸಾರ್, ನಂದೇ ಒಂದು ಬೇಕು’ ಎಂದ. ಟೀ ಕುಡಿಯುವ ಮೊದಲೇ ಲೆನ್ಸು ಬಿಚ್ಚಿ ಹಿಂದಿನಿಂದ ಮೊಬೈಲ್ ಟಾರ್ಚು ಬಿಟ್ಟು ಫಂಗಸ್ ಹುಡುಕಿದ. ಒಂದು ಫೋಟೋ ತೆಗೆದು ಶಟರ್ ಕೌಂಟು ನೋಡಿದ: ಇಪ್ಪತ್ತೊಂದು ಸಾವಿರ. ಕಂಪನಿ ಒಂದು ಲಕ್ಷದವರೆಗೆ ಪರೀಕ್ಷಿಸಿದ ಶಟರದು; ಹದಿನಾರು ವರ್ಷದಲ್ಲಿ ನಾನು ಕಾಲುಭಾಗವನ್ನೂ ಬಳಸಿರಲಿಲ್ಲ. ಅವನಿಗೆ ಖುಷಿಯಾಯಿತು, ನನಗೆ ನಾಚಿಕೆಯಾಯಿತು. ಸೆನ್ಸರಿನ ಮೇಲೆ ಒಂದು ಧೂಳಿನ ಕಣ ಕೂತಿದೆ, ಆಕಾಶದ ಫೋಟೋದಲ್ಲಿ ಎಡಮೂಲೆಯಲ್ಲಿ ಮಸುಕು ಚುಕ್ಕೆ ಬರುತ್ತದೆ ಎಂದು ನಾನೇ ಹೇಳಿದೆ. ಕೋಟೆಯ ತುಪ್ಪದ ಕೊಳದ ಮೇಲೆ ನಿಂತು ತೆಗೆದ ಫೋಟೋಗಳಲ್ಲೆಲ್ಲ ಅದಿದೆ. ‘ಅದಕ್ಕೆ ಐನೂರು ಕಮ್ಮಿ ಮಾಡ್ಕೊಳ್ಳಿ ಸಾರ್’ ಎಂದ.

ಬಾಡಿ, 18-105, 70-300 ಕೊಟ್ಟೆ. ಮೆಮೊರಿ ಕಾರ್ಡು ಕೊಡಲಿಲ್ಲ. ಅಳಿಸಿದ ಫೋಟೋಗಳೂ ಅದರಿಂದ ಹೊರಡುತ್ತವೆ ಎಂದು ಕೇಳಿದ್ದೇನೆ. 50 ಎಂಎಂ ಲೆನ್ಸನ್ನು ಅವನು ಎರಡು ಸಲ ಕೇಳಿದ. ಅದರೊಳಗೆ ಮೋಟಾರಿಲ್ಲ, ಬಾಡಿಯ ಮೋಟಾರೇ ಅದನ್ನು ತಿರುಗಿಸಬೇಕು. ಡಿ90 ಹೋದ ಮೇಲೆ ನನ್ನ ಬಳಿ ಅದು ಬರೀ ಗಾಜು. ಆದರೂ ಕೊಡಲು ಕೈ ಬರಲಿಲ್ಲ. ಸಾಣೇಹಳ್ಳಿಯ ಆ ಬೆವರಿನ ಹಣೆಯನ್ನು ನೋಡಿದ ಗಾಜದು. ತಪ್ಪು ಮಾಡಿದೆ ಎಂದು ಈಗಲೂ ಅನ್ನಿಸುತ್ತದೆ, ಅದು ಅವನ ಹತ್ತಿರ ಕೆಲಸಕ್ಕಾದರೂ ಬರುತ್ತಿತ್ತು. ಅವನು ಬಸ್ ಹತ್ತಿದ ರಾತ್ರಿ ಬ್ಯಾಗು ಇಲ್ಲದ ಜಾಗವನ್ನು ಎರಡು ಸಲ ನೋಡಿದೆ. ಮಾರಬಾರದಿತ್ತು ಎಂದೂ ಅನ್ನಿಸಿತು.

ಮೂರು ವಾರ ಬಿಟ್ಟು ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು. ಹೊಳಲ್ಕೆರೆಯ ಬಯಲು ಗಣಪತಿ. ಮೇಲೆ ಚಾವಣಿಯಿಲ್ಲದ ದೇವರು, ಹಿಂದೆ ಅಷ್ಟಗಲ ನೀಲಿ ಆಕಾಶ. ‘ಹೆಂಗಿದೆ ಸಾರ್?’ ಎಂದು ಕೆಳಗೆ. ಸ್ವಲ್ಪ ಓರೆಯಾಗಿತ್ತು, ಬೆಳಕು ಚೆನ್ನಾಗಿತ್ತು. ಉತ್ತರ ಬರೆಯುವ ಮೊದಲು ಎರಡು ಬೆರಳಿನಿಂದ ಎಡಮೂಲೆಯನ್ನು ಹಿಗ್ಗಿಸಿ ನೋಡಿದೆ. ಆ ಚುಕ್ಕೆ ಹಾಗೇ ಇತ್ತು.