ಅಳಿಯನಿಗೆ ಬೈಕು, ಮಗಳಿಗೆ ಹಿಂದಿನ ಸೀಟು



ನಮ್ಮ ಮಾಯಕೊಂಡದ ಸುತ್ತಿನ ಊರುಗಳಲ್ಲಿ ಮದುವೆ ಮಾತುಕತೆಗೆ ಕೂತವರಿಗೆಲ್ಲ ಇದು ಗೊತ್ತು. ಬಂಗಾರ ಇಷ್ಟು, ರೊಕ್ಕ ಇಷ್ಟು ಅಂತ ಮುಗಿದ ಮೇಲೆ ಹುಡುಗನ ಕಡೆಯ ಹಿರಿಯರೊಬ್ಬರು ಕೆಮ್ಮುತ್ತಾರೆ. "ಹುಡುಗಗೆ ಓಡಾಡಾಕೆ ಒಂದು ಗಾಡಿ ಕೊಡ್ರಿ, ನಿಮ್ಮ ಮಗಳೇ ಅಲ್ವಾ ಹಿಂದೆ ಕೂರಾಕಿ?" ಅನ್ನುತ್ತಾರೆ. ನಾವು ತಲೆಯಾಡಿಸುತ್ತೇವೆ. ಆ ಮಗಳಿಗೆ ಗಾಡಿ ಹೊಡೆಯಲು ಬರುತ್ತದೆಯೇ ಅಂತ ಕೇಳಿದವರನ್ನು ನಾನು ಇವತ್ತಿನವರೆಗೂ ಕಂಡಿಲ್ಲ.

2003ರಲ್ಲಿ ನನ್ನ ಅಕ್ಕನ ಮದುವೆಗೆ ಅಪ್ಪ ಹೊಲದ ಒಂದು ತುಂಡು ಮಾರಿ ಬೈಕು ಕೊಟ್ಟರು. ನಾಲ್ಕು ವರ್ಷದ ಮೇಲೆ ಒಂದು ರಾತ್ರಿ ಗಂಡ ಹೊಡೆದು ಹೊರಗೆ ಹಾಕಿದಾಗ ಅಕ್ಕ ಆರು ತಿಂಗಳ ಕೂಸನ್ನು ಸೆರಗಿನಲ್ಲಿ ಕಟ್ಟಿಕೊಂಡು, ರೈಲು ಹಳಿಯ ಪಕ್ಕದಲ್ಲೇ ನಡೆದು ತವರಿಗೆ ಬಂದಳು. ಬೆಳಗಾಗುವವರೆಗೆ ಬಸ್ಸಿಲ್ಲ. ಅಪ್ಪನ ಹೊಲ ಮಾರಿ ತಂದ ಬೈಕು ಬಾಗಿಲ ಮುಂದೆಯೇ ನಿಂತಿತ್ತು, ಕೀ ಅದರಲ್ಲೇ ಇತ್ತು. "ಇದ್ರೆ ಏನ್ ಬಂತು, ನಂಗೆ ಬರ್ತಿರ್ಲಿಲ್ವಲ್ಲ" ಅಂತ ಅಕ್ಕ ಈಗಲೂ ಅನ್ನುತ್ತಾಳೆ.

ಆ ಕೂಸಿಗೆ ಈಗ ಹದಿನೆಂಟು. ಅವಳಿಗೆ ಸ್ಕೂಟರು ಕಲಿಸುತ್ತಿರುವವಳು ನಾನು. ನಾನೇ ಕಲಿತದ್ದು ನಲವತ್ತು ದಾಟಿದ ಮೇಲೆ, ಸಂಘದ ಸಾಲದಲ್ಲಿ ಕೊಂಡ ಹಳೇ ಗಾಡಿಯಲ್ಲಿ. ಹುಡುಗಿ ಹದಿನಾರಕ್ಕೇ ಕೇಳಿದ್ದಳು, ನಾನು ಕೊಡಲಿಲ್ಲ. ಹದಿನಾರು ತುಂಬಿದವರಿಗೆ ಕಾನೂನು ಬಿಡುವುದು 50 ಸಿಸಿ ಒಳಗಿನ ಗೇರಿಲ್ಲದ ಗಾಡಿಯನ್ನು ಮಾತ್ರ; ನನ್ನ ಗಾಡಿ ಅದಕ್ಕಿಂತ ದೊಡ್ಡದು. 2019ರ ತಿದ್ದುಪಡಿಯ ನಂತರ, ವಯಸ್ಸಾಗದ ಮಕ್ಕಳು ಗಾಡಿ ಓಡಿಸಿ ತಪ್ಪು ಮಾಡಿದರೆ ಗಾಡಿ ಕೊಟ್ಟ ದೊಡ್ಡವರಿಗೆ 3 ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ಆ ಮಗುವಿಗೆ 25 ತುಂಬುವವರೆಗೆ ಲೈಸೆನ್ಸ್ ಇಲ್ಲ. ಆದರೆ ನಮ್ಮ ಓಣಿಯಲ್ಲೇ ಹದಿನಾಲ್ಕರ ಗಂಡುಹುಡುಗರನ್ನು ಅಪ್ಪಂದಿರು ಬೈಕು ಕೊಟ್ಟು ತೋಟಕ್ಕೆ ಅಟ್ಟುತ್ತಾರೆ, ಹೆಮ್ಮೆಯಿಂದ ನೋಡುತ್ತಾರೆ. ಹದಿನೆಂಟು ತುಂಬಿ, ಎಲ್‌ಎಲ್‌ಆರ್ ಮಾಡಿಸಿ, ಹೆಲ್ಮೆಟ್ ಹಾಕಿ ಕಲಿಯುವ ಹುಡುಗಿಯನ್ನು ಕಂಡರೆ ಮಾತ್ರ ಕಟ್ಟೆಯ ಮೇಲಿನವರಿಗೆ ಊರಿನ ಮರ್ಯಾದೆ ನೆನಪಾಗುತ್ತದೆ.

ಮೊದಲ ವಾರ ಬಯಲಲ್ಲಿ ಬರೀ ನಿಲ್ಲಿಸುವುದನ್ನೇ ಕಲಿಸಿದೆ. ಹೊರಡುವುದು ಯಾರಿಗೂ ಬರುತ್ತದೆ. ಹುಡುಗಿ ಮುಂದಿನ ಗಾಲಿಯನ್ನೇ ನೋಡುತ್ತಿದ್ದಳು. ನೋಡಿದ ಕಡೆಗೇ ಗಾಡಿ ಹೋಗುತ್ತದೆ, ದೂರ ನೋಡು ಅಂತ ನೂರು ಸಲ ಹೇಳಿದೆ. ಕೊಯ್ಲಿನ ಕಾಲಕ್ಕೆ ನಮ್ಮಲ್ಲಿ ಅರ್ಧ ರಸ್ತೆಗೆ ಮೆಕ್ಕೆಜೋಳ ಹರವಿರುತ್ತಾರೆ. ಕಾಳಿನ ಮೇಲೆ ಮುಂದಿನ ಬ್ರೇಕು ಹಿಡಿದು ಬಿದ್ದಳು, ಮೊಣಕಾಲು ಕಿತ್ತುಹೋಯಿತು. ಕಾಳು ಒಣಹಾಕಿದ್ದ ಯಜಮಾನರು ಬಂದು, "ಹೆಣ್ಣುಡುಗಿ ಗಾಡಿ ಕಲ್ತು ಎಲ್ಲಿಗೆ ಹೋಗಬೇಕಾಗೈತಮ್ಮ?" ಅಂದರು. ಅವಳು ಕಾಳು ಒದರಿಕೊಂಡು ಎದ್ದು, "ಎಲ್ಲಿಗೆ ಬೇಕೋ ಅಲ್ಲಿಗೆ, ಅಜ್ಜಾ" ಅಂದಳು. ಮನೆಯಲ್ಲಿ ಅಕ್ಕ ಬೈಯಲಿಲ್ಲ, ಅರಿಶಿನ ತಂದು ಹಚ್ಚಿದಳು.

ಗಾಡಿ ಬಂದರೆ ಹೊಡೆತ ನಿಲ್ಲುತ್ತದೆ ಅನ್ನುವಷ್ಟು ಪೆದ್ದಿ ನಾನಲ್ಲ. ಹೊಡೆಯುವವನು ಕೀಯನ್ನೂ ಕಸಿಯುತ್ತಾನೆ. ಅದಕ್ಕೇ ಗಾಡಿಯ ಆರ್‌ಸಿ ಹುಡುಗಿಯ ಹೆಸರಿನಲ್ಲೇ ಇರಬೇಕು ಅನ್ನುವುದು. 181 ಮತ್ತು 112 ಅವಳಿಗೆ ಬಾಯಿಪಾಠವಿರಬೇಕು. ಹಿಂದಿನ 498ಎ ಈಗ ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ ಆಗಿದೆ, ಅದೂ ಗೊತ್ತಿರಬೇಕು. "ಬಸ್ಸು ಪುಕ್ಕಟೆ ಐತಲ್ಲ" ಅನ್ನುವವರಿದ್ದಾರೆ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ನಮಗೆ ಆದ ಉಪಕಾರ ಸಣ್ಣದಲ್ಲ. ಆದರೆ ರಾತ್ರಿ ಹನ್ನೊಂದಕ್ಕೆ ಹೊರಗೆ ಹಾಕಿಸಿಕೊಂಡವಳಿಗೆ ಯಾವ ಬಸ್ಸು?

ಇದು ಹೊಸ ಹುಚ್ಚೂ ಅಲ್ಲ. ತೊಂಬತ್ತರ ದಶಕದ ಮೊದಲಲ್ಲಿ ತಮಿಳುನಾಡಿನ ಪುದುಕೋಟೆ ಜಿಲ್ಲೆಯ ಸಾಕ್ಷರತಾ ಆಂದೋಲನದವರು ಅಕ್ಷರದ ಜತೆಗೆ ಸೈಕಲನ್ನೂ ಕಲಿಸಿದರು. ಕೂಲಿ ಹೆಂಗಸರು, ಕಲ್ಲುಕ್ವಾರಿಯ ಹೆಂಗಸರು ಸಾವಿರಗಟ್ಟಲೆ ಕಲಿತರು. ಆಗ ಅಲ್ಲಿ ಕಲೆಕ್ಟರ್ ಆಗಿದ್ದವರೂ ಒಬ್ಬ ಹೆಂಗಸು, ಶೀಲಾರಾಣಿ ಚುಂಕತ್. ಅವರನ್ನೂ ಜನ ಆಡಿಕೊಂಡರು, ಅವರು ತುಳಿಯುತ್ತಲೇ ಹೋದರು.

ಈಗ ಕಹಿ ಮಾತು. ವರದಕ್ಷಿಣೆ ಕೇಳುವವರನ್ನು ಬೈಯುವುದು ಸುಲಭ. ಆ ಬೈಕಿಗೆ ದುಡ್ಡು ಎಲ್ಲಿಂದ ಬರುತ್ತದೆ? ನಮ್ಮ ಸಂಘದಿಂದಲೇ. ಸಾಲದ ಪುಸ್ತಕದಲ್ಲಿ "ಎಮ್ಮೆ ಖರೀದಿಗೆ" ಅಂತ ಬರೆಸುತ್ತೇವೆ. ಆ ಎಮ್ಮೆ ಹಾಲು ಕೊಡುವುದಿಲ್ಲ, ಅಳಿಯನ ಮನೆ ಮುಂದೆ ನಿಂತು ಪೆಟ್ರೋಲು ಕುಡಿಯುತ್ತದೆ. ಕಂತನ್ನು ಹುಡುಗಿಯ ತಾಯಿ ಕೂಲಿ ಮಾಡಿ ಕಟ್ಟುತ್ತಾಳೆ. ಸುಳ್ಳು ಅಂತ ಗೊತ್ತಿದ್ದೂ ನಾವೆಲ್ಲ ಸಹಿ ಹಾಕಿದ್ದೇವೆ, ನಾನೂ ಎರಡು ಸಲ ಹಾಕಿದ್ದೇನೆ. 1961ರ ಕಾಯ್ದೆಯಲ್ಲಿ ವರದಕ್ಷಿಣೆ ಕೊಡುವುದೂ ಅಪರಾಧವೇ ಅನ್ನುವುದು ಆಗ ನೆನಪಾಗಲಿಲ್ಲ.

ಹೋದ ಸಭೆಯಲ್ಲಿ ಎದ್ದು ಹೇಳಿದೆ: ಇನ್ನು ಮೇಲೆ ಅಳಿಯನ ಬೈಕಿಗೆ ಸಾಲವಿಲ್ಲ, ಹದಿನೆಂಟು ತುಂಬಿದ ಮಗಳ ಲೈಸೆನ್ಸಿಗೆ, ಅವಳ ಹೆಸರಿನ ಗಾಡಿಗೆ ಕೇಳಿದರೆ ಮೊದಲ ಸಾಲ. ನಡಾವಳಿ ಪುಸ್ತಕದಲ್ಲಿ ಬರೆಸಿದೆ. ಹದಿನಾಲ್ಕು ಜನರಲ್ಲಿ ಒಂಬತ್ತು ಜನ ಸಹಿ ಹಾಕಿದರು. ಹಾಕದ ಐವರಲ್ಲಿ ನನ್ನ ಓರಗಿತ್ತಿಯೂ ಒಬ್ಬಳು. ಅವಳ ಮಗಳ ನಿಶ್ಚಿತಾರ್ಥ ಬರುವ ತಿಂಗಳು. ಬೈಕಿನ ಬಣ್ಣ ಆಗಲೇ ಆರಿಸಿಯಾಗಿದೆ. ಆ ಹುಡುಗಿ ಮೊನ್ನೆ ಬಯಲಿಗೆ ಬಂದು, ನಾವು ಕಲಿಸುವುದನ್ನು ನೋಡುತ್ತ ಕತ್ತಲಾಗುವವರೆಗೆ ನಿಂತಿದ್ದಳು.