ಸಾವು ತಗ್ಗಿದ್ದು ಲಸಿಕೆಯಿಂದಲೋ, ಅನ್ನ-ನೀರಿನಿಂದಲೋ?

ಲಸಿಕೆ ಬರುವ ಮೊದಲೇ ಸಾಂಕ್ರಾಮಿಕ ರೋಗಗಳ ಸಾವು ಇಳಿದಿತ್ತು, ಆದ್ದರಿಂದ ಅದರ ಶ್ರೇಯ ಲಸಿಕೆಗೆ ಸಲ್ಲದು ಎಂಬ ವಾದವೊಂದು ಭಕ್ತರ ಮೊಬೈಲುಗಳಲ್ಲಿಯೂ ಹರಿದಾಡುತ್ತಿದೆ. ಇದನ್ನು ಅಪ್ಪಟ ಸುಳ್ಳೆಂದು ತಳ್ಳಿಹಾಕುವುದು ನ್ಯಾಯವಲ್ಲ. ಇದರಲ್ಲಿ ಅರ್ಧ ಸತ್ಯವಿದೆ.

ಇಂಗ್ಲೆಂಡಿನಲ್ಲಿ ಕ್ಷಯರೋಗದ ಸಾವು ಹತ್ತೊಂಬತ್ತನೆಯ ಶತಮಾನದಿಂದಲೇ ಇಳಿಯುತ್ತ ಬಂದಿತು. ಅದನ್ನು ಗುಣಪಡಿಸುವ ಸ್ಟ್ರೆಪ್ಟೊಮೈಸಿನ್ ದೊರೆತದ್ದು 1940ರ ದಶಕದಲ್ಲಿ. ಇದಕ್ಕೆ ಉತ್ತಮ ಆಹಾರವೇ ಮುಖ್ಯ ಕಾರಣವೆಂದು ಥಾಮಸ್ ಮೆಕ್ಯೋನ್ ವಾದಿಸಿದರು. ಅನಂತರದ ವಿದ್ವಾಂಸರು ಶುದ್ಧ ನೀರು, ಒಳಚರಂಡಿಗಳ ಪಾಲನ್ನೂ ಎತ್ತಿ ತೋರಿಸಿದರು. ಅಲ್ಲಿ ಕಾಲರಾ ಹಿಮ್ಮೆಟ್ಟಿದ್ದಂತೂ ನೀರು ಶುದ್ಧವಾದುದರಿಂದಲೇ. ಅನ್ನದಾಸೋಹವನ್ನು ಧರ್ಮವೆಂದು ನಂಬಿದವರಿಗೆ ಈ ಮಾತು ಹೊಸದೇನಲ್ಲ.

ಆದರೆ ಸಾವು ಬೇರೆ, ಸೋಂಕು ಬೇರೆ. ವಾದವು ಎಡವುವುದು ಇಲ್ಲಿಯೇ. ಅಮೆರಿಕದಲ್ಲಿ 1963ರಲ್ಲಿ ದಡಾರದ ಲಸಿಕೆ ಬರುವ ಹೊತ್ತಿಗೆ ಸಾವು ವರ್ಷಕ್ಕೆ 400-500ಕ್ಕೆ ಇಳಿದಿತ್ತು, ನಿಜ. ಆದರೆ ವರ್ಷಕ್ಕೆ 30ರಿಂದ 40 ಲಕ್ಷ ಜನರಿಗೆ ದಡಾರ ಅಂಟುತ್ತಲೇ ಇತ್ತು. ಸುಮಾರು 48,000 ಮಂದಿ ಆಸ್ಪತ್ರೆ ಸೇರುತ್ತಿದ್ದರು, ಸುಮಾರು ಸಾವಿರ ಮಂದಿಗೆ ಮೆದುಳಿನ ಉರಿಯೂತವಾಗುತ್ತಿತ್ತು. ಹೊಟ್ಟೆ ತುಂಬಿದ ಮಗು ದಡಾರ ಬಂದರೂ ಬದುಕಿ ಉಳಿಯುವ ಸಂಭವ ಹೆಚ್ಚು. ದಡಾರ ಬಾರದಂತೆ ತಡೆಯುವ ಶಕ್ತಿ ಮಾತ್ರ ಅನ್ನಕ್ಕಿಲ್ಲ. ಲಸಿಕೆಯ ಬಳಿಕ, 2000ನೆಯ ಇಸವಿಯ ಹೊತ್ತಿಗೆ, ಆ ದೇಶದೊಳಗೆ ದಡಾರದ ನಿರಂತರ ಹರಡುವಿಕೆಯೇ ನಿಂತಿತು.

ನಮ್ಮ ದೇಶದ ನಿದರ್ಶನ ಇನ್ನೂ ಸ್ಪಷ್ಟ. 1974ರಲ್ಲಿ ಸಿಡುಬು ಸಾವಿರಾರು ಜನರನ್ನು, ಅದರಲ್ಲೂ ಬಿಹಾರದಲ್ಲಿ, ಬಲಿ ತೆಗೆದುಕೊಂಡಿತು. ಆರೋಗ್ಯ ಕಾರ್ಯಕರ್ತರು ಮನೆಮನೆಗೂ ಹೋಗಿ ರೋಗಿಗಳನ್ನು ಹುಡುಕಿ, ಅವರ ಸುತ್ತಲಿನವರಿಗೆಲ್ಲ ಲಸಿಕೆ ಹಾಕಿದರು. 1975ರ ಮೇ ತಿಂಗಳಿನ ಬಳಿಕ ಭಾರತದಲ್ಲಿ ಸಿಡುಬಿಲ್ಲ. ಆ ಒಂದು ವರ್ಷದಲ್ಲಿ ಬಿಹಾರದ ಬಡತನವೇನೂ ನೀಗಿರಲಿಲ್ಲ. 2011ರ ಜನವರಿಯಲ್ಲಿ ಹೌರಾದ ಕೊನೆಯ ಪ್ರಕರಣದೊಂದಿಗೆ ದೇಶದಿಂದ ಪೋಲಿಯೊ ವೈರಾಣು ತೊಲಗಿದಾಗಲೂ ಎಷ್ಟೋ ಮನೆಗಳಿಗೆ ಶೌಚಾಲಯವಿರಲಿಲ್ಲ.

ಇದಕ್ಕೆ ವಿರುದ್ಧದ ದಿಕ್ಕಿನ ಪರೀಕ್ಷೆಯೂ ಈಗ ನಡೆದುಹೋಗಿದೆ. ಅನ್ನ, ನೀರು, ಆಸ್ಪತ್ರೆಗಳಿಗೆ ಬರವಿಲ್ಲದ ಟೆಕ್ಸಾಸಿನಲ್ಲಿ 2025ರಲ್ಲಿ 700ಕ್ಕೂ ಹೆಚ್ಚು ಜನರಿಗೆ ದಡಾರ ಹಬ್ಬಿತು. ಶಾಲೆಗೆ ಹೋಗುವ ವಯಸ್ಸಿನ ಇಬ್ಬರು ಮಕ್ಕಳು ಅಸುನೀಗಿದರು. ಇಬ್ಬರಿಗೂ ಲಸಿಕೆ ಹಾಕಿಸಿರಲಿಲ್ಲ.

ನಮ್ಮಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಮೊದಲ ಡೋಸ್ 9 ತಿಂಗಳು ತುಂಬಿದಾಗ, ಎರಡನೆಯದು 16ರಿಂದ 24 ತಿಂಗಳೊಳಗೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಇದು ಉಚಿತ. ಕೂಲಿ ಅರಸಿ ಊರು ಬಿಡುವ ಕುಟುಂಬಗಳಲ್ಲಿ ಎರಡನೆಯ ಡೋಸ್ ತಪ್ಪಿಹೋಗುವುದುಂಟು. ಹಾಗೆ ತಪ್ಪಿದ ಮಕ್ಕಳಿಗೆ ಐದು ವರ್ಷದವರೆಗೂ ಹಾಕಿಸಲು ಅವಕಾಶವಿದೆ.